ಬೇಳೆ ಬೇಯುವ ನೀರು

ಮೊದಲ ಮಳೆಗೆ ನೆನೆದ ಮಣ್ಣಿನ ಘಮವನ್ನು ಎಲ್ಲರೂ ಹೊಗಳುತ್ತಾರೆ. ನೆರೆ ಇಳಿದ ಮೇಲೆ ಉಳಿಯುವ ಕೆಸರಿನ ವಾಸನೆಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಮೋರಿ, ಸೀಮೆಎಣ್ಣೆ, ನೆಂದ ಗೋಣಿಚೀಲ, ಕೊಳೆತ ಬೇವಿನೆಲೆ, ಎಲ್ಲ ಸೇರಿದ ಒಂದು ತಣ್ಣನೆಯ ವಾಸನೆ ಅದು. ಮೊನ್ನೆ ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ, ಕಲಬುರಗಿ ಕಡೆಯವನು, ಬೆಳಗ್ಗೆ ಬಂದು ಬಾಗಿಲು ತಟ್ಟಿದ. "ಅಕ್ಕಾರ, ಕೆಳಗ ಗಾಡಿ ನಿಲ್ಸೋ ಜಾಗದಾಗ ನೀರ ಹೊಕ್ಕೈತ್ರಿ. ನಮ್ಮೂರಾಗ ಕುಡಿಯಾಕ ಸಿಗಂಗಿಲ್ಲ, ಇಲ್ಲಿ ನಿಮ್ಮ ಸ್ಕೂಟಿ ಜಳಕ ಮಾಡಾಕತ್ತೈತಿ ನೋಡ್ರಿ," ಎಂದು ನಕ್ಕ. ನಾನೂ ನಗುತ್ತಲೇ ಮೆಟ್ಟಿಲಿಳಿದೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಕಂಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೆಂಗೇರಿಯ ನಮ್ಮ ಮನೆಯ ನಡುಮನೆ ಕಣ್ಣ ಮುಂದೆ ಬಂತು.

ಆ ಮನೆ ಇದ್ದದ್ದು ಉಪನಗರದಿಂದ ಇಳಿದು ಹೋಗುವ ಒಂದು ತಗ್ಗಿನಲ್ಲಿ, ವೃಷಭಾವತಿಗೆ ಸೇರುವ ಕಾಲುವೆಗೆ ಕೂಗಳತೆಯಲ್ಲಿ. ನಾನು ಹುಟ್ಟುವುದಕ್ಕೂ ಮೊದಲು ಅಪ್ಪ ಎರಡು ಸೈಟು ನೋಡಿದ್ದರಂತೆ, ಒಂದು ದಿಣ್ಣೆಯ ಮೇಲೆ, ಒಂದು ಈ ತಗ್ಗಿನಲ್ಲಿ. ಅಪ್ಪನ ತಾಯಿ, ನಮ್ಮಜ್ಜಿ, ರಾಜಾಜಿನಗರದ ವಠಾರದಲ್ಲಿ ಬೀದಿ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು, ಜಗಳವಾಡಿ, ಅರ್ಧ ಆಯುಸ್ಸು ಕಳೆದವಳು. ಜಾಗ ನೋಡುವುದಕ್ಕೆ ಅವಳದೊಂದು ಕ್ರಮವಿತ್ತು. ಅಕ್ಕಪಕ್ಕದ ಬಾವಿಯಿಂದ ಒಂದು ಚೊಂಬು ನೀರು ತರಿಸಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅದು ಬೇಳೆ ಬೇಯುವ ನೀರೋ ಅಲ್ಲವೋ ಹೇಳಿಬಿಡುವುದು. ದಿಣ್ಣೆಯ ಮೇಲೆ ಬಂಡೆ, ಬಾವಿಯೇ ಇರಲಿಲ್ಲ. ತಗ್ಗಿನಲ್ಲಿ ಬಗ್ಗಿದರೆ ಕೈಗೆ ಸಿಗುವಂತೆ ನೀರು, ಎಳನೀರಿನಷ್ಟು ಸಿಹಿ. ಅಪ್ಪ ತಲೆ ಕೆರೆದುಕೊಂಡು, ಮಳೆಗಾಲದಲ್ಲಿ ಹೇಗೋ ಏನೋ ಎಂದರಂತೆ. "ದಿಣ್ಣೆ ಹತ್ತಿ ಗಂಟಲು ಒಣಗಿಸ್ಕೊಂಡು ಸಾಯ್ತೀಯೇನೋ ಕಿಟ್ಟೀ? ಮನೆಯೊಳಗೆಲ್ಲ ನೀರು ಬರಲ್ಲ ಕಣೋ. ಗಂಗಮ್ಮ ತಾನಾಗೇ ಮೇಲೆ ಬಂದು ಕೂತಿದಾಳೆ, ಇಂಥಾ ಜಾಗ ಬಿಡ್ತಾರೇನೋ ಯಾರಾದ್ರೂ?" ಎಂದಳಂತೆ ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು. ನೀರಿಗಾಗಿ ಅಷ್ಟು ವರ್ಷ ಕಾದವರಿಗೆ, ನೀರು ಹೆಚ್ಚಾದೀತು ಎಂಬ ಭಯ ಎಲ್ಲಿಂದ ಬರಬೇಕು?

ನನಗೆ ಬುದ್ಧಿ ಬರುವ ಹೊತ್ತಿಗೆ ಹಿತ್ತಲಲ್ಲಿ ತೋಡಿಸಿದ ಬಾವಿಯೇ ಮನೆಯ ಯಜಮಾನಿಯಂತಿತ್ತು. ರಾಟೆಯ ಕಿರುಗುಟ್ಟುವಿಕೆಗೆ ನನಗೆ ಎಚ್ಚರವಾಗುತ್ತಿತ್ತು. ಕಟ್ಟೆಯ ಮೇಲೆ ಹಗ್ಗ ತೇದು ಮಾಡಿದ ಗೀರಿನಲ್ಲಿ ನನ್ನ ಕಿರುಬೆರಳು ಸರಿಯಾಗಿ ಕೂರುತ್ತಿತ್ತು. ಬಂದವರಿಗೆ ಕಾಫಿಗಿಂತ ಮೊದಲು ಹಿತ್ತಾಳೆ ಚೊಂಬಿನಲ್ಲಿ ನೀರು, ಜೊತೆಗೊಂದು ಚೂರು ಬೆಲ್ಲ. ಅವರು ಕುಡಿದು, "ಏನು ಸಿಹಿ!" ಎನ್ನುವವರೆಗೂ ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದಳು. ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಒಮ್ಮೆ ಭೂಗೋಳದ ಮಿಸ್ಸು, ನಿಮ್ಮ ಮನೆಯ ಹತ್ತಿರದ ನದಿ ಯಾವುದು ಎಂದು ಕೇಳಿದರು. ವೃಷಭಾವತಿ ಎಂದೆ. ಹಿಂದಿನ ಬೆಂಚಿನಿಂದ, "ಮಿಸ್, ಅದು ಮೋರಿ ಮಿಸ್!" ಎಂದು ಒಬ್ಬಳು ಕೂಗಿದಳು. ಇಡೀ ತರಗತಿ ನಕ್ಕಿತು. ಮಿಸ್ಸು ನಗಲಿಲ್ಲ. ಊರೊಳಗೆ ಹುಟ್ಟಿ, ಕೆಂಗೇರಿ ದಾಟಿ, ಅರ್ಕಾವತಿಗೆ ಸೇರಿ, ಕಾವೇರಿಯ ಜೊತೆ ಕಡಲು ಮುಟ್ಟುವ ಗೆರೆಯನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ನಮ್ಮ ಮನೆಯ ಪಕ್ಕದ ಆ ಕಪ್ಪು ನೊರೆ ಕಡಲಿನವರೆಗೂ ಹೋಗುತ್ತದೆ ಎಂದು ತಿಳಿದಾಗ ಹೆಮ್ಮೆಯಾಯಿತೋ ಸಂಕಟವಾಯಿತೋ, ಈಗಲೂ ಹೇಳಲಾರೆ.

ಮೊದಮೊದಲು ನೀರು ಬರುತ್ತಿದ್ದುದು ಅತಿಥಿಯ ಹಾಗೆ. ಜಗಲಿಯ ಕೆಳಗಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಿತ್ತು. ಅಜ್ಜಿ ಅರಿಸಿನ ಕುಂಕುಮ ಹಾಕಿ, ಒಂದು ಹೂ ತೇಲಿಬಿಟ್ಟು, "ಬಂದ್ಯಲ್ಲ ತಾಯಿ, ಸಂತೋಷ, ಹೋಗಿ ಬಾ," ಎನ್ನುತ್ತಿದ್ದಳು. ಬೆಳಗಾಗುವುದರೊಳಗೆ ನೀರು ಹೋಗಿರುತ್ತಿತ್ತು. ಆಗೆಲ್ಲ ಮಳೆಗೊಂದು ಹೆಸರು, ಒಂದು ನಡತೆ ಇತ್ತು. ಆರಿದ್ರಾ, ಪುನರ್ವಸು, ಪುಷ್ಯ ಎಂದು ಅಜ್ಜಿ ಬೆರಳು ಮಡಚುತ್ತಿದ್ದಳು. ಒದ್ದೆ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ನಾತ ಹಿಡಿಯುವಂತೆ ದಿನಗಟ್ಟಲೆ ಜಿಟಿಜಿಟಿ ಸುರಿಯುತ್ತಿತ್ತು. ಬರಬರುತ್ತಾ ಆ ಜಿನುಗು ಮಳೆಯೇ ಇಲ್ಲವಾಯಿತು. ತಿಂಗಳುಗಟ್ಟಲೆ ಆಕಾಶ ಒಣಗಿ ನಿಂತು, ಯಾವ ಲೆಕ್ಕಕ್ಕೂ ಸೇರದ ಒಂದು ಸಂಜೆ ಎಲ್ಲವನ್ನೂ ಒಂದೇ ಸಲ ಸುರಿದು ಹೋಗತೊಡಗಿತು. ಮೇಲಿನ ಬಡಾವಣೆಗಳಲ್ಲಿ ಕೆರೆಗಳು ಸೈಟಾಗಿದ್ದವು, ಹೊಲಗಳಿಗೆ ಕಾಂಕ್ರೀಟು ಬಿದ್ದಿತ್ತು, ಕಾಲುವೆಯ ಮೈಗೆ ಎರಡೂ ಕಡೆ ಗೋಡೆ ಒತ್ತಿತ್ತು. ಇಂಗಲು ನೆಲವಿಲ್ಲದ ಅಷ್ಟೂ ನೀರಿಗೆ ಗೊತ್ತಿದ್ದ ದಾರಿ ಒಂದೇ, ತಗ್ಗಿನದು. ಅಪ್ಪ ಪ್ರತಿ ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು, ಸಂಕ್ರಾಂತಿಯ ಹೊತ್ತಿಗೆ ಕಂದು ಗೆರೆ ಮತ್ತೆ ಎದ್ದು ಕಾಣುತ್ತಿತ್ತು. ನಾನು ಬೆಳೆದಂತೆಲ್ಲ ಆ ಗೆರೆಯೂ ಬೆಳೆಯಿತು.

ಅಮ್ಮ ಹೋಗೋಣ ಎನ್ನುತ್ತಿದ್ದಳು. ಅಜ್ಜಿಯ ಎದುರಿಗೆ ಎಂದೂ ಅಲ್ಲ. ಒಲೆಯ ಮುಂದೆ, ಅಪ್ಪನಿಗೆ ಮಾತ್ರ ಕೇಳುವ ಹಾಗೆ. "ಹಾಸಿಗೆ ಒಣಗ್ಸಿ ಒಣಗ್ಸಿ ಸಾಕಾಗೋಗಿದೆ ರೀ. ಮಗುಗೆ ಮೂರು ಸಲ ಜ್ವರ ಬಂತು." ಅಪ್ಪನ ಉತ್ತರವೂ ಪ್ರತಿಸಲ ಒಂದೇ: "ಅಮ್ಮನ ಬಾವಿ ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಹೇಳಲಿ?" ಅಜ್ಜಿಗೆ ಎಲ್ಲ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಿತ್ತು. ಹೂಬತ್ತಿ ಹೊಸೆಯುತ್ತಿದ್ದ ಅವಳ ಬೆರಳು ಆಗ ಒಂದು ಕ್ಷಣ ನಿಲ್ಲುತ್ತಿತ್ತು.

ಕೊನೆಯ ಸಲ ನೀರು ಬಂದಾಗ ಮೇ ತಿಂಗಳು, ಮಧ್ಯಾಹ್ನದ ಊಟ ಆಗಿತ್ತಷ್ಟೆ. ಅಜ್ಜಿ ಕುಂಕುಮದ ಬಟ್ಟಲು ಹುಡುಕುವಷ್ಟರಲ್ಲಿ ನೀರು ಹೊಸಿಲು ದಾಟಿ ನಡುಮನೆಯಲ್ಲಿತ್ತು. ನಾವು ಅಟ್ಟದ ಮೇಲೆ ಕೂತು ನೋಡಿದೆವು. ಅಕ್ಕಿ ಡಬ್ಬ ತೇಲಿತು, ನನ್ನ ಕಾನ್ವೆಂಟಿನ ಟೈ ಹಾವಿನಂತೆ ಈಜಿಕೊಂಡು ಹಿತ್ತಲಿಗೆ ಹೋಯಿತು. ಹಿತ್ತಲಲ್ಲಿ ಬಾವಿಯ ಕಟ್ಟೆ ಕಾಣಿಸಲಿಲ್ಲ. ಕಾಲುವೆಯ ಕಪ್ಪು ನೀರು ಅದರ ಮೇಲೆಯೇ ಹರಿಯುತ್ತಿತ್ತು. ನೀರು ಇಳಿದ ಮೇಲೆ ಅಪ್ಪ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಪಂಪಿಟ್ಟು ಖಾಲಿ ಮಾಡಿಸಿದರು. ಒಂದು ವಾರ ಹೀಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ, ಕುಡಿಯಬೇಡಿ ಎಂದು ಎಲ್ಲರೂ ಹೇಳುತ್ತಿದ್ದರೂ ಕೇಳದೆ, ಅಜ್ಜಿ ತಾನೇ ಒಂದು ಕೊಡ ಸೇದಿದಳು. ಚೊಂಬಿಗೆ ಬಗ್ಗಿಸಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿದಳು. ಉಗುಳುತ್ತಾಳೆ ಎಂದು ಅಮ್ಮ ಬಚ್ಚಲ ಬಾಗಿಲು ಬಿಟ್ಟು ಸರಿದು ನಿಂತಳು. ಅಜ್ಜಿ ಉಗುಳಲಿಲ್ಲ. ಮನೆಗೆ ಬಂದ ದೇವರನ್ನು ಉಗುಳುವುದಾದರೂ ಹೇಗೆ? ನುಂಗಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಚೊಂಬನ್ನು ಬೋರಲು ಹಾಕಿ, "ಕಿಟ್ಟಿ, ಬೇರೆ ಮನೆ ನೋಡಪ್ಪ," ಎಂದಳು. ಅಷ್ಟೇ. ಅಮ್ಮ ಎಷ್ಟೋ ವರ್ಷದಿಂದ ಕಾಯುತ್ತಿದ್ದ ಮಾತು ಅದು. ಆದರೂ ಆ ದಿನ ಒಲೆಯ ಮುಂದೆ ಅತ್ತವಳು ಅಮ್ಮನೇ.

ವಿಜಯನಗರದಲ್ಲಿ, ಮಾರೇನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಎರಡನೆಯ ಮಹಡಿಯ ಬಾಡಿಗೆ ಮನೆಗೆ ಬಂದೆವು. ತಗ್ಗಿನ ಮನೆಯನ್ನು ಕೊಂಡವರು ಬಾವಿಗೆ ಮಣ್ಣು ತುಂಬಿ, ನೆಲ ಎತ್ತರಿಸಿ, ಮಹಡಿ ಮೇಲೆ ಮಹಡಿ ಕಟ್ಟಿದ್ದಾರೆ. ಈಗ ಅವರ ಪಾಲಿನ ನೀರು ಪಕ್ಕದವರ ಮನೆಗೆ ಹೋಗುತ್ತದಂತೆ. ಅಜ್ಜಿ ಹೋದಳು, ಆಮೇಲೆ ಅಪ್ಪ, ಹೋದ ವರ್ಷ ಅಮ್ಮ. ಹೊಸ ಮನೆಯಲ್ಲಿ ಬಂದ ಮೊದಲ ಜೋರು ಮಳೆ ನನಗಿನ್ನೂ ನೆನಪಿದೆ. ಅಜ್ಜಿ ಮೆಲ್ಲಗೆ ಎದ್ದು, ತನ್ನ ಹಾಸಿಗೆ ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, ಬರಿನೆಲದ ಮೇಲೆ ಕೂತಳು. ಅಮ್ಮ ಹತ್ತಿರ ಹೋಗಿ ಬಗ್ಗಿ, "ಅತ್ತೆ, ಇಲ್ಲಿಗೆಲ್ಲ ನೀರು ಬರಲ್ಲ, ಮಲಕ್ಕೊಳ್ಳಿ," ಎಂದಳು.

"ಅಲ್ಲೂ ಹಂಗೇ ಅಂದಿದ್ನಲ್ಲೇ ನಾನು," ಎಂದಳು ಅಜ್ಜಿ.

ಅಮ್ಮ ತನ್ನ ಹಾಸಿಗೆಯನ್ನೂ ಸುತ್ತಿ ಮೇಜಿನ ಮೇಲಿಟ್ಟು ಬಂದು, ಅಜ್ಜಿಯ ಪಕ್ಕ ಕೂತಳು. ಮಳೆ ನಿಲ್ಲುವವರೆಗೂ ಅತ್ತೆ ಸೊಸೆ ಇಬ್ಬರೂ ಹಾಗೇ, ಹೊಸಿಲಿನ ಕಡೆ ನೋಡಿಕೊಂಡು ಕೂತಿದ್ದರು.