ಸೈಗಾನಿನಲ್ಲಿ ನಿಂತೇ ಇದ್ದ ಲಾನ್ ಅಮ್ಮ

ಚಾಮರಾಜಪೇಟೆಯ ಮನೆಯಿಂದ ಮೆಜೆಸ್ಟಿಕ್‌ವರೆಗೆ ನಮ್ಮ ಯಜಮಾನರು ತಮ್ಮ ತರಕಾರಿ ಟೆಂಪೋದಲ್ಲೇ ಬಿಟ್ಟರು. ಅವರಿಗೆ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ, ನನಗೆ ಮಹಡಿ ಮೇಲೆ ಇಂಗ್ಲಿಷ್ ಟ್ಯೂಷನ್. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು. ಹೊರದೇಶದವರಿಗೆ ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟ್ ಇದ್ದರೆ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಮಾಡಬಹುದೆಂದು ಮಗಳು ಹಟ ಹಿಡಿದು, ವಿಯೆಟ್ನಾಮಿನಲ್ಲಿ ನಾಲ್ಕು ವಾರದ ತರಬೇತಿಗೆ ಹೆಸರು ಬರೆಸಿದ್ದಳು. "ಮೀನಿಗೆ ಈಜು ಕಲಿಸೋಕೆ ಫೀಸು ಬೇರೆ" ಎಂದು ಯಜಮಾನರು ದಾರಿಯುದ್ದಕ್ಕೂ ರೇಗಿಸಿದರು. ನಾನು ಬೈದೆ. ಆದರೆ ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು.

ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್ ಬಸ್ಸು, ಆಮೇಲೆ ವಿಮಾನ. ಬೆಂಗಳೂರಿನಿಂದ ಹೋ ಚಿ ಮಿನ್ ಸಿಟಿಗೆ ಐದು ಗಂಟೆಯೂ ಆಗುವುದಿಲ್ಲ. ಅಲ್ಲಿನವರು ಅದನ್ನು ಈಗಲೂ ಸೈಗಾನ್ ಅಂತಲೇ ಕರೆಯುತ್ತಾರೆ. ಬಾಗಿಲು ತೆರೆದಾಗ ಹಂಡೆಯ ಮುಚ್ಚಳ ತೆಗೆದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಂದು ಲೋಟ ಐಸ್ ಕಾಫಿಗೆ ಇಪ್ಪತ್ತೈದು ಸಾವಿರ ಡಾಂಗ್ ಎಂದಾಗ ಎದೆ ಧಸಕ್ಕೆಂದಿತು. ಲೆಕ್ಕ ಹಾಕಿದರೆ ನಮ್ಮ ಎಂಬತ್ತು ತೊಂಬತ್ತು ರೂಪಾಯಿ, ಅಷ್ಟೇ. ರಸ್ತೆ ದಾಟುವುದು ಮಾತ್ರ ನನಗೆ ಕಷ್ಟವಾಗಲಿಲ್ಲ. ಸ್ಕೂಟರುಗಳ ಪ್ರವಾಹದ ಮುಂದೆ ಕಂಗಾಲಾಗಿ ನಿಂತಿದ್ದ ಸಹಪಾಠಿಗಳನ್ನು ಕೈ ಹಿಡಿದು ದಾಟಿಸಿದೆ. ಮಾರ್ಕೆಟ್ ಸರ್ಕಲ್ ದಾಟಿದವಳಿಗೆ ಇದ್ಯಾವ ಲೆಕ್ಕ!

ತರಬೇತಿಗೆ ನಾವು ಆರು ಜನ. ಬೆಳಿಗ್ಗೆ ನಮಗೆ ಪಾಠ. ಮಧ್ಯಾಹ್ನ, ಆ ಬೀದಿಯ ಜನರಿಗೆ ಬಿಟ್ಟಿಯಾಗಿ ನಾವು ಪಾಠ ಹೇಳಬೇಕು. ಬ್ರೆಂಡನ್ ಎಂಬ ಐರಿಷ್ ತರಬೇತುದಾರ ಮತ್ತು ಉಳಿದ ಐವರು ಹಿಂದೆ ಕೂತು ನೋಡುತ್ತಾರೆ. ಮಿಕ್ಕವರೆಲ್ಲ ಚಿಕ್ಕ ವಯಸ್ಸಿನವರು, ಮೊದಲ ದಿನ ಗಾಬರಿಯಲ್ಲಿ ಮಾರ್ಕರ್ ಬೀಳಿಸಿದರು. ನಾನು ನಗುತ್ತಾ ಕೂತಿದ್ದೆ. ಜಂಬ ಅಂದರೆ ಅಷ್ಟು ಜಂಬ.

ನನ್ನ ಸರದಿಯ ದಿನ ಮುಂದಿನ ಸಾಲಿನಲ್ಲಿ ಲಾನ್ ಎಂಬ ಹಿರಿಯಾಕೆ ಇದ್ದರು. ವಯಸ್ಸು ಅರವತ್ತೈದರ ಮೇಲೆ. ಮಗಳು ನಡೆಸುವ ಗೆಸ್ಟ್‌ಹೌಸಿನಲ್ಲಿ ಬೆಳಗಿನ ಹೊತ್ತು ಬಂದವರನ್ನು ಮಾತಾಡಿಸುವ ಕೆಲಸ ಅವರದು, ಅದಕ್ಕೆ ನಾಲ್ಕು ಮಾತು ಇಂಗ್ಲಿಷ್ ಬೇಕಿತ್ತು. ನಾನು ಕೈ ಮೇಲೆತ್ತಿ ಸನ್ನೆ ಮಾಡಿ ಅವರನ್ನು ಎಬ್ಬಿಸಿದೆ, ಗೆಸ್ಟ್‌ಹೌಸ್ ಎಲ್ಲಿದೆ ಎಂದು ಕೇಳಿದೆ. ಅವರು ತಡವರಿಸಿದರು. ಮತ್ತೆ ಕೇಳಿದೆ. ಬರಲಿಲ್ಲ. ನಾನು ಪಕ್ಕದವರನ್ನು ಕೇಳಿದೆ, ಆಮೇಲೆ ಅದರಾಚೆಯವರನ್ನು. ಪಾಠ ಓಡಿತು. ಜನ ನಕ್ಕರು, ಚೆನ್ನಾಗಿ ಮಾತಾಡಿದರು. ಮುಗಿದಾಗ ನಾನೇ ನನ್ನ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಲ್ಲಿದ್ದೆ.

ಪಾಠದ ನಂತರದ ಚರ್ಚೆಯಲ್ಲಿ ಬ್ರೆಂಡನ್ ಮೊದಲು ಹೊಗಳಿದರು. ಆಮೇಲೆ ಮೆಲ್ಲಗೆ, ಲಾನ್ ಅವರನ್ನು ಕೊನೆವರೆಗೂ ನಿಲ್ಲಿಸಿದ್ದು ಏಕೆ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಉಳಿದವರು ನೆಲ ನೋಡುತ್ತಿದ್ದರು. ಪಾಪ, ಆಕೆ ಮೇಜಿನ ಅಂಚು ಹಿಡಿದುಕೊಂಡು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, ಗಂಟೆ ಹೊಡೆಯುವವರೆಗೂ ನಿಂತೇ ಇದ್ದರಂತೆ. ನಾನು ಕೂತ್ಕೊಳ್ಳಿ ಎಂದಿರಲಿಲ್ಲ. ಅಷ್ಟು ಹತ್ತಿರ ನಿಂತಿದ್ದವರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನಮ್ಮ ಕಡೆಯ ಮೇಷ್ಟ್ರು, ಟೀಚರಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇಳಿದ್ದಕ್ಕೆ ಉತ್ತರ ಬರದವನು ನಿಂತಿರಬೇಕು, ಬಂದ ಮೇಲೆ ಕೂರಬೇಕು. ನನ್ನ ಟೀಚರ್ ಹಾಗೇ ಮಾಡಿದ್ದರು, ನಾನೂ ಮಾಡುತ್ತೇನೆ. ಅದು ಶಿಕ್ಷೆ ಎಂದು ಕೂಡ ಯಾವತ್ತೂ ಅನ್ನಿಸಿರಲಿಲ್ಲ, ಫ್ಯಾನ್ ಹಾಕಿದಷ್ಟು ಸಹಜ. ಬ್ರೆಂಡನ್‌ಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಲಾನ್ ತಾವಾಗಿಯೇ ಕೂರುತ್ತಾರೆ ಅಂದುಕೊಂಡಿದ್ದೆ ಎಂದು ಸುಳ್ಳು ಹೇಳಿದೆ. ಐದು ಜನ ಚಿಕ್ಕವರ ಮುಂದೆ ಸುಳ್ಳು ಹೇಳಿದೆನಲ್ಲ ಎಂದು ಮೈಯೆಲ್ಲ ಹಿಡಿಯಾಯಿತು.

ಮರುದಿನ ಲಾನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ತರಗತಿಯ ಸಹಾಯಕಿ ಮಾಯ್ ಎಂಬ ಹುಡುಗಿಯನ್ನು ಕೇಳಿದರೆ, ಮಂಡಿ ಊದಿಕೊಂಡಿದೆಯಂತೆ ಎಂದಳು. ಕೋರ್ಸ್ ಹಾಳಾಗಿ ಹೋಗಲಿ, ಆ ಹೆಂಗಸು ನನ್ನ ದೆಸೆಯಿಂದ ಕಲಿಯುವುದನ್ನೇ ಬಿಟ್ಟರೆ ನಾನು ಯಾವ ಮುಖ ಹೊತ್ತು ಟೀಚರ್ ಅನ್ನಿಸಿಕೊಳ್ಳಲಿ? ಕಾಲಿಗೆ ಬಿದ್ದಾದರೂ ಸರಿ, ವಾಪಸ್ ಕರೆತರಬೇಕು ಎಂದು ಮಾಯ್‌ಳನ್ನೂ ಜೊತೆಗೆ ಹೊರಡಿಸಿದೆ.

ಗೆಸ್ಟ್‌ಹೌಸ್ ಒಂದು ಸಂದಿಯೊಳಗಿತ್ತು, ನಮ್ಮ ಚಿಕ್ಕಪೇಟೆಯ ಗಲ್ಲಿಗಳಷ್ಟೇ ಇಕ್ಕಟ್ಟು. ಖಾಲಿ ಕೈಯಲ್ಲಿ ಹೋಗಬಾರದೆಂದು ಕಿತ್ತಳೆ ಒಯ್ದಿದ್ದೆ. ಲಾನ್ ಕಾಲು ಚಾಚಿ ಕೂತಿದ್ದವರು ನನ್ನನ್ನು ಕಂಡದ್ದೇ ಏಳಲು ಹೋದರು. ಬೇಡ ಬೇಡ ಎಂದು ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ಅವರು ನಾನು ತಂದ ಕಿತ್ತಳೆಯನ್ನೇ ಸುಲಿದು ನನಗೆ ಕೊಟ್ಟರು. ತಪ್ಪಾಯಿತು ಎಂದು ಹೇಳಿದೆ, ಮಾಯ್ ಅವರ ಭಾಷೆಯಲ್ಲಿ ಹೇಳಿದಳು. ಲಾನ್ ನಗುತ್ತಾ ಉದ್ದಕ್ಕೆ ಏನೋ ಅಂದರು.

ಮಾಯ್ ನನಗೆ ಇಂಗ್ಲಿಷಿನಲ್ಲಿ ತಿಳಿಸಿದಳು: "ಅವರಿಗೆ ಸಿಟ್ಟಿಲ್ಲ. ನಿಮ್ಮ ದೇಶದಲ್ಲಿ ಇಂಗ್ಲಿಷ್ ಹೀಗೇ ಕಲಿಸುತ್ತಾರೆ ಅಂದುಕೊಂಡರಂತೆ. ಹೌದಾ?"

ಹೌದು ಎಂದೆ.

ಲಾನ್ ಮತ್ತೇನೋ ಕೇಳಿದರು. "ಚಿಕ್ಕ ಮಕ್ಕಳೂ ನಿಲ್ಲುತ್ತಾರಾ, ಎಷ್ಟು ಹೊತ್ತು, ಅಂತ ಕೇಳುತ್ತಿದ್ದಾರೆ" ಎಂದಳು ಮಾಯ್.

"ಉತ್ತರ ಬರೋವರೆಗೆ" ಎಂದೆ. ಮಾಯ್ ನನ್ನ ಮುಖ ನೋಡಿದಳು. ಆ ಮಾತನ್ನು ಅವಳು ಲಾನ್‌ಗೆ ಹೇಳಲಿಲ್ಲ.

ಮುಂದಿನ ವಾರ ಲಾನ್ ಬಂದರು. ಆಮೇಲಿನ ಪಾಠಗಳಲ್ಲಿ ನಾನು ಯಾರನ್ನೂ ಎಬ್ಬಿಸಲಿಲ್ಲ, ಆದರೂ ಕೈ ತಾನಾಗಿ ಮೇಲೇಳುತ್ತಿತ್ತು, ಮಾರ್ಕರ್ ಗಟ್ಟಿಯಾಗಿ ಹಿಡಿದು ತಡೆಯುತ್ತಿದ್ದೆ. ಸರ್ಟಿಫಿಕೇಟ್ ಸಿಕ್ಕಿತು. ಬ್ರೆಂಡನ್ ಕೈ ಕುಲುಕಿ, ಅನುಭವಿ ಶಿಕ್ಷಕಿ ಎಂದರು. ತಲೆ ಎತ್ತಿ ಥ್ಯಾಂಕ್ಸ್ ಹೇಳಲು ಆಗಲಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ಹದವಾದ ತಂಪಿತ್ತು. ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಮಾರ್ಕೆಟ್ ಸ್ಟೇಷನ್ನಿಗೆ ಮೆಟ್ರೋ ಹಿಡಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. "ಕೂತ್ಕೊಳ್ಳಿ ಮಿಸ್" ಎಂದು ಒಬ್ಬಳು ಎದ್ದು ಸೀಟು ಬಿಟ್ಟಳು. ನೋಡಿದರೆ ರೂಪಾ, ನಮ್ಮ ಹಿಂದಿನ ಬೀದಿಯವಳು, ನನ್ನ ಬಹಳ ಹಳೆಯ ಸ್ಟೂಡೆಂಟ್. ಈಗ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸವಂತೆ. ಸೂಟ್‌ಕೇಸ್ ನೋಡಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಇಂಗ್ಲಿಷ್ ಕಲಿಸುವುದನ್ನು ಕಲಿಯಲು ಎಂದೆ. ನಿಮಗೆ ಇನ್ನೇನು ಕಲಿಸುತ್ತಾರೆ ಮಿಸ್ ಎಂದು ನಕ್ಕಳು. ಅವಳ ಮುಖ ನೆನಪಿತ್ತು, ಬೇರೇನೂ ನೆನಪಿರಲಿಲ್ಲ.

"ಕ್ಲಾಸಲ್ಲಿ ನೀನು ಎಲ್ಲಿ ಕೂರ್ತಿದ್ದೆ ರೂಪಾ? ಮರ್ತೇಹೋಗಿದೆ" ಎಂದೆ.

"ನಾನೆಲ್ಲಿ ಕೂತಿದ್ದೆ ಮಿಸ್?" ಎಂದಳು, ಚೂರೂ ಬೇಸರವಿಲ್ಲದೆ. "ಕಿಟಕಿ ಪಕ್ಕ ನಿಲ್ತಿದ್ನಲ್ಲ."

ಚಿಕ್ಕಪೇಟೆ ಬಂತು. ಬರ್ತೀನಿ ಮಿಸ್ ಎಂದು ಕೈ ಬೀಸಿ ಇಳಿದಳು. ಅವಳು ಬಿಟ್ಟುಕೊಟ್ಟ ಸೀಟಿನಲ್ಲಿ ನಾನು ಕೂತಿದ್ದೆ.