ಟಿಟವಿಯ ಮುಂದೆ ನಾನು ಬಾಯಿ ಮುಚ್ಚಿದ್ದು

ನಾಲ್ಕೂ ಮರಿ ಹೊರಬಂದವು. ಬೆಳಗ್ಗೆ ಮೂರಿದ್ದವು, ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯದೂ ತತ್ತಿ ಒಡೆದುಕೊಂಡು ಬಂತು. ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿದೆ. "ಯಾರು ಹಡದಾರ್ರಿ?" ಎಂದು ಕೇಳಿದರು. "ನಮ್ಮ ಹೊಲದಾಗಿನ ಟಿಟವಿ ಹಕ್ಕಿ" ಎಂದರೆ ನಕ್ಕು ಮುಂದೆ ಹೋದರು. ನಗಲಿ. ನಿಮಗಾದರೂ ಸಮಾಧಾನವಾಗಿ ಹೇಳೋಣವೆಂದು ಕುಳಿತಿದ್ದೇನೆ.

ಎದುರಿನ ಗೂಟಕ್ಕೆ ಒಂದು ದುರ್ಬೀನು ತೂಗುತ್ತಿದೆ. ಮೊಮ್ಮಗಳು ಅಕ್ಷತಾ ತನ್ನ ಮಾಸ್ತರರಿಂದ ಬೇಸಿಗೆ ರಜೆಗೆ ಇಸಿದುಕೊಂಡು ತಂದದ್ದು. ಅದರ ಚರ್ಮದ ಪಟ್ಟಿಗೆ ಬೆವರಿನ ವಾಸನೆ. ನನ್ನ ತವರು ಕಟಕೋಳದಲ್ಲಿಯೂ ಇಂಥದೇ ಗೂಟಕ್ಕೆ ಒಂದು ಕವಣಿ ತೂಗುತ್ತಿತ್ತು, ಅದಕ್ಕೂ ಇದೇ ವಾಸನೆ. ನನ್ನ ಸಾಲೆ ಮೂರನೇ ಇಯತ್ತೆಗೆ ಮುಗಿಯಲು ಆ ಕವಣಿಯೇ ಕಾರಣ. ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಗಿಳಿ, ಗುಬ್ಬಿಗಳು ಮುತ್ತುತ್ತಿದ್ದವು. ಅಪ್ಪ ನನ್ನನ್ನು ಅಟ್ಟಣಿಗೆಯ ಮೇಲೆ ಕೂರಿಸಿ, "ಎರಡ ತಿಂಗಳ ಹಕ್ಕಿ ಕಾಯಿ, ಆಮ್ಯಾಲ ಸಾಲಿಗೆ ಹೋಗಂತಿ" ಅಂದ. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಆದರೆ ನಾನು ಕೂಗಿದರೆ ಪಕ್ಕದ ಹೊಲದ ಹಕ್ಕಿಗಳೂ ಏಳುತ್ತಿದ್ದವು, ಅದೊಂದು ಹೆಸರು ಮಾತ್ರ ಬಂತು.

ಇಂಥವಳ ಮೊಮ್ಮಗಳಿಗೆ ಹಕ್ಕಿ ನೋಡುವ ಹುಚ್ಚು. ನಾವು ಓಡಿಸಿದ್ದನ್ನು ಇವಳು ನಸುಕಿನಲ್ಲೆದ್ದು ಹುಡುಕಿಕೊಂಡು ಹೋಗುತ್ತಾಳೆ. ಹೋಗಲಿ, ತಾನೊಬ್ಬಳೇ ಹೋಗಬೇಕೋ ಬೇಡವೋ? ಜೊತೆಗೆ ನಾನು. ಕೆಂಪು ಸೀರೆ ಉಡಬಾರದು, ಕೆಮ್ಮಬಾರದು, ಎಲೆ-ಅಡಿಕೆ ಕುಟ್ಟಬಾರದು. ಹಲ್ಲಿಲ್ಲದವಳು ಕುಟ್ಟದೆ ಏನು ಮಾಡಲಿ? "ಆಯಿ, ಹಕ್ಕಿ ಬಂದಾಗ ಉಸಿರನೂ ಸಣ್ಣಗ ಬಿಡು" ಅನ್ನುತ್ತಿದ್ದಳು. ಅತ್ತೆ ಬದುಕಿದ್ದಾಗಲೂ ನನಗೆ ಇಷ್ಟು ಕಟ್ಟಳೆಗಳಿರಲಿಲ್ಲ.

ಸಿರಸಂಗಿ ದಾರಿಯ ನಮ್ಮ ಹೊಲದಲ್ಲಿ, ಬರಿ ನೆಲದ ಮೇಲೆ, ನಾಲ್ಕು ತತ್ತಿ ಕಂಡವಳೂ ಅವಳೇ. ಮಣ್ಣಿನ ಹೆಂಟೆಯ ಬಣ್ಣದವು, ಕಾಲಿಟ್ಟರೂ ಗೊತ್ತಾಗುವುದಿಲ್ಲ. ಮಗ ಬಸು ಟ್ರ್ಯಾಕ್ಟರ್ ಹೊಡೆಯುವಾಗ ಇವಳು ಮುಂದೆ ನಿಂತು, ಸುತ್ತ ಕಲ್ಲಿಟ್ಟು, ಅಷ್ಟು ಜಾಗ ಬಿಡಿಸಿದಳು.

ಎಂಟು ದಿನದ ಹಿಂದೆ ಬನ್ನಿ ಗಿಡದ ಮರೆಯಲ್ಲಿ ಇಬ್ಬರೂ ಕುಳಿತಿದ್ದೆವು. ಹಳದಿ ಕಾಲಿನ ಟಿಟವಿ ಹೆಜ್ಜೆ ಹೆಜ್ಜೆಗೂ ನಿಂತು ನೋಡುತ್ತ ತತ್ತಿಯ ಕಡೆ ಬಂತು. ಹೊಲದಲ್ಲಿ ಹಕ್ಕಿ ಇಳಿದದ್ದನ್ನು ಕಣ್ಣು ಕಂಡಿತು. ಮುಂದಿನದನ್ನು ಗಂಟಲು ತಾನೇ ಮಾಡಿತು. "ಹೋ...ಹೋಯ್" ಎಂದು ಎದ್ದು ನಿಂತೇಬಿಟ್ಟೆ. ಇಲ್ಲದ ಕವಣಿಯನ್ನೂ ಕೈ ತಿರುಗಿಸಿತು.

ಟಿಟವಿ ಹಾರಿ ಗುಡ್ಡದ ಕಡೆ ಹೋಯಿತು. ಬಿಸಿಲೇರುವ ತನಕ ಕಾದೆವು, ಬರಲಿಲ್ಲ.

"ಒಳಗ ಜೀವ ಇರತಾವ ಆಯಿ. ತಾಯಿ ಬರಲಿಲ್ಲಂದ್ರ ಬಿಸಿಲಿಗೆ ಬೆಂದು ಹೋಗತಾವು" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ದುರ್ಬೀನನ್ನು ಗೂಟಕ್ಕೆ ಹಾಕಿದವಳು ಮತ್ತೆ ಮುಟ್ಟಲಿಲ್ಲ, ನನ್ನೊಂದಿಗೆ ಮಾತನ್ನೂ ಆಡಲಿಲ್ಲ.

ಮರುದಿನ ನಾನೊಬ್ಬಳೇ ಹೋದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತೆ. ಟಿಟವಿ ಬಂತು. ಹೊಟ್ಟೆಯ ಪುಕ್ಕ ಒದ್ದೆಯಾಗಿತ್ತು, ಹಳ್ಳದಲ್ಲಿ ಅದ್ದಿಕೊಂಡು ಬಂದು ತತ್ತಿಗಳನ್ನು ತಂಪು ಮಾಡುತ್ತಿತ್ತು. ಅಷ್ಟು ದೂರದಿಂದ, ಆ ಬಿಸಿಲಿನಲ್ಲಿ. ಐವತ್ತು ವರ್ಷ ಹಕ್ಕಿ ಓಡಿಸಿದವಳು ಒಂದು ಹಕ್ಕಿಯನ್ನು ಪೂರ್ತಿ ನೋಡಿದ್ದು ಅಂದೇ.

ಮನೆಗೆ ಬಂದು ಹೇಳಿದರೆ ಅಕ್ಷತಾ ತನ್ನ ಅವ್ವನ ಕಡೆ ತಿರುಗಿ, "ಆಯಿಗೆ ಕಣ್ಣ ಕಾಣಸಂಗಿಲ್ಲ, ಸುಳ್ಳ ಹೇಳತಾಳ" ಅಂದಳು. ಇರಲಿ ಎಂದುಕೊಂಡು ಒಡೆದ ಗಡಿಗೆಯ ತಳವನ್ನು ಒಯ್ದು ಒಡ್ಡಿನ ಮೇಲಿಟ್ಟೆ. ದಿನಾ ಒಂದು ಕೊಡ ನೀರು ಹೊತ್ತೆ. ಮೊಣಕಾಲು ನೋವು ಯಾರಿಗೆ ಹೇಳಲಿ? ಟಿಟವಿಯಂತೂ ನನ್ನ ಮುಖ ಕಂಡರೆ ಇಡೀ ಸೀಮೆಗೆ ಕೇಳುವಂತೆ ಬೈಯುತ್ತಿತ್ತು. ಬೈಸಿಕೊಂಡೇ ನೀರು ಹಾಕಿದೆ.

ಇವತ್ತು ಬೆಳಗ್ಗೆ ಮರಿಗಳನ್ನು ಕಂಡು ಮನೆಯವರೆಗೆ ದುಡುದುಡು ನಡೆದು ಬಂದೆ. ಮಲಗಿದವಳ ಕಿವಿಯಲ್ಲಿ ಪಿಸುಗುಟ್ಟಿದೆ: "ಏಳ, ಮೂರ ಬಂದಾವು."

ಅವಳು ದುರ್ಬೀನು ಕಿತ್ತುಕೊಂಡು ಓಡಿದಳು. ಬನ್ನಿ ಗಿಡದ ಹಿಂದೆ ಬಹಳ ಹೊತ್ತು ನೋಡಿದಳು. ಆಮೇಲೆ ಒಡ್ಡಿನ ಕಡೆ ತಿರುಗಿ, "ಆ ನೀರ ಯಾರ ಇಟ್ಟಾರ?" ಅಂದಳು.

"ನನಗೇನ ಗೊತ್ತ?"

"ಗಡಗಿ ನಮ್ಮ ಮನೀದು."

ಅವಳು ದುರ್ಬೀನನ್ನು ನನ್ನ ಕೊರಳಿಗೆ ಹಾಕಿದಳು. ಆ ಸುಡುಗಾಡು ಸಾಮಾನಿನಲ್ಲಿ ನನಗೆ ಮಂಜು ಬಿಟ್ಟು ಏನೂ ಕಾಣಲಿಲ್ಲ. "ಕಂಡ್ವು?" ಅಂದಳು. "ಕಂಡ್ವು" ಅಂದೆ.

ಸಂಜೆ ಹೊತ್ತು ಮುಳುಗುವ ಮುಂಚೆ ಅಂಗಳದಲ್ಲೇ ಎಲ್ಲರೂ ಉಣ್ಣಲು ಕುಳಿತೆವು. ಸೊಸೆ ಕಸ್ತೂರಿ, "ಹಡದ ಮನಿ ಅಲ್ಲೇನ್ರಿ ಅತ್ತಿ" ಎಂದು ಚೇಷ್ಟೆ ಮಾಡುತ್ತ ಸಿಹಿ ಮಾದಲಿ ಬಡಿಸಿದಳು. ಅಕ್ಷತಾ ನನ್ನ ಮಗ್ಗುಲಿಗೇ ಒತ್ತಿಕೊಂಡು ಕುಳಿತಿದ್ದಳು. ಅಷ್ಟರಲ್ಲಿ ಒಂದು ಗುಬ್ಬಿ ಬಂದು, ಹಸನು ಮಾಡಿಟ್ಟಿದ್ದ ಜೋಳದ ಮೊರದ ಮೇಲೆ ಕುಳಿತಿತು. ನನ್ನ ಬಾಯಿ ತೆರೆಯಿತು. ಬಸು, ಕಸ್ತೂರಿ, ಅಕ್ಷತಾ ಮೂವರೂ ತುತ್ತು ಹಿಡಿದು ನನ್ನ ಮುಖವನ್ನೇ ನೋಡಿದರು.

ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡೆ. ಗುಬ್ಬಿ ತಿನ್ನುತ್ತಿತ್ತು, ನಾವೂ ಉಂಡೆವು.