ಬುಟ್ಟಿ ಮಗುಚಿದ್ದು

ನಮ್ಮ ಸಂಘದ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಒಂದು ಪುಸ್ತಕ ಅಚ್ಚು ಹಾಕಿಸಿದರು. ದೀಪ ಹಚ್ಚಿದ ಫೋಟೊ ಇದೆ, ಶಾಲು ಹೊದಿಸಿದ ಫೋಟೊ ಇದೆ. ಹೊಡೆದಾಟದ ಬಗ್ಗೆ ಒಂದು ಸಾಲಿಲ್ಲ. ಆದರೆ ಆ ಅಂಗಡಿ ನಿಂತದ್ದೇ ಹೊಡೆದಾಟದಿಂದ. ನಾನು ಅಲ್ಲಿದ್ದೆ.

ನಾವು ಮಟ್ಟುವಿನ ಕಡೆಯವರು. ಹೊಳೆ ಬದಿಯ ಹೊಯಿಗೆ ಗದ್ದೆಯಲ್ಲಿ, ಅಂದರೆ ಮರಳು ಮಣ್ಣಿನಲ್ಲಿ, ಗುಳ್ಳ ಬೆಳೆಯುತ್ತೇವೆ. ದುಂಡಗಿನ ಹಸಿರು ಬದನೆ, ತೆಳು ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ಮೊದಲು ಎಲ್ಲವನ್ನೂ ಉಡುಪಿಯ ಒಬ್ಬ ದಲ್ಲಾಳಿ ಒಯ್ಯುತ್ತಿದ್ದ. ಬೇರೆ ಕಡೆಯ, ಮುಳ್ಳಿಲ್ಲದ ಬದನೆಯನ್ನು ಅದಕ್ಕೆ ಬೆರೆಸಿ ನಮ್ಮೂರಿನ ಹೆಸರಿನಲ್ಲೇ ಮಾರುತ್ತಿದ್ದ. ಕಹಿ ತಿಂದವರು ನಮಗೆ ಬೈಯುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಇಪ್ಪತ್ತು ಮನೆಯವರು ಸೇರಿ ಕಾಪುವಿನ ಹೈವೇ ಬದಿಯಲ್ಲಿ ಅಂಗಡಿ ಹಾಕಿದೆವು. ಮುಂದೆ ನಿಂತವನು ನನ್ನ ಅಣ್ಣ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೈ ಗಟ್ಟಿ ಇದೆ ಎಂದು ಅಣ್ಣ ನನ್ನನ್ನು ತಕ್ಕಡಿಯ ಹತ್ತಿರ ನಿಲ್ಲಿಸಿದ. ರೈತರು ತಂದ ಬುಟ್ಟಿ ಪರೀಕ್ಷೆ ಮಾಡುವುದು ನನ್ನ ಕೆಲಸ.

ಮೂರನೇ ವಾರ ದಲ್ಲಾಳಿಯ ಜನ ಟೆಂಪೊದಲ್ಲಿ ಬಂದರು. ಐದು ಜನ. ತಕ್ಕಡಿ ಎತ್ತಿ ಗೋಡೆಗೆ ಬಿಸಾಡಿದರು. ಬುಟ್ಟಿಗಳನ್ನು ರಸ್ತೆಗೆ ಒದ್ದರು. ಮಂಗಳೂರಿನ ಬಸ್ಸು ಗುಳ್ಳದ ಮೇಲೆ ಹತ್ತಿ ಹೋಯಿತು. ಒಬ್ಬ ಸೋಡಾ ಬಾಟ್ಲಿ ಒಡೆದು ನನ್ನ ಹುಬ್ಬು ಸೀಳಿದ. ಅಣ್ಣ ಎರಡು ಕಿಲೋದ ಕಬ್ಬಿಣದ ತೂಕದ ಕಲ್ಲು ತೆಗೆದು ಅವನ ಮಂಡಿಗೆ ಬಾರಿಸಿದ. ಮೂಳೆ ಒಡೆದ ಸದ್ದು ಕೇಳಿಸಿತು. ಅವನನ್ನು ಎಳೆದುಕೊಂಡು ಉಳಿದವರು ಓಡಿದರು.

ಸಂಜೆ ಅಂಗಡಿಯಲ್ಲೇ ಸಭೆ ಸೇರಿತು. ಅಣ್ಣನ ಅಂಗಿಯಲ್ಲಿ ನನ್ನ ರಕ್ತ ಇತ್ತು.

"ಕೇಳಿ ಮಾರಾಯ್ರೆ. ಹೊರಗಿನವರು ಹೊಡೆದ್ರೆ ನಾವೂ ಹೊಡಿಬಹುದು. ನಮ್ಮವರೇ ಹೊರಗಿನ ಬದನೆ ಬೆರೆಸಿದ್ರೆ ಅಂಗಡಿ ಅವತ್ತೇ ಮುಗೀತು. ಬೆರೆಸಿದವನ ಬುಟ್ಟಿ ಗಿರಾಕಿಗಳ ಎದುರೇ ರಸ್ತೆಗೆ ಮಗುಚುದು. ಅವನು ಸಂಘದಿಂದ ಹೊರಗೆ."

"ಯಾರದ್ದಾದ್ರೂ?" ಸಂಘದ ಅಧ್ಯಕ್ಷರು ಕೇಳಿದರು.

"ನನ್ನ ಅಪ್ಪನದ್ದಾದ್ರೂ."

ಮುಂದಿನ ವರ್ಷಗಳಲ್ಲಿ ಎರಡು ಬುಟ್ಟಿ ಮಗುಚಿದೆ. ಒಬ್ಬ ಅತ್ತ. ಇನ್ನೊಬ್ಬ ಕತ್ತಿ ತೆಗೆದ, ಅವನ ಎರಡು ಹಲ್ಲು ಉದುರಿಸಿದೆ. ಅಣ್ಣ ನನ್ನ ಬೆನ್ನು ತಟ್ಟಿದ.

ಆಮೇಲೆ ಒಂದು ಸಲ ಹೊಳೆಯ ದಂಡೆ ಒಡೆದು ಅಣ್ಣನ ಗದ್ದೆಗೆ ಉಪ್ಪುನೀರು ನುಗ್ಗಿತು. ಗಿಡಗಳು ಕರಟಿದವು. ದಿಣ್ಣೆಯ ಮೇಲಿನ ನಾಲ್ಕೈದು ಮಾತ್ರ ಉಳಿದವು. ಆದರೂ ಶನಿವಾರ ಅವನ ಬುಟ್ಟಿ ತುಂಬಿ ಬಂತು. ಮಣಿಪಾಲದ ಗಿರಾಕಿಗಳು ಕಾರು ನಿಲ್ಲಿಸಿ ಕಾಯುತ್ತಿದ್ದರು. ನಾನು ಬುಟ್ಟಿಯೊಳಗೆ ಕೈ ಇಳಿಸಿದೆ. ಮೇಲೆ ಮುಳ್ಳು ಚುಚ್ಚಿತು. ಕೆಳಗೆ ಚುಚ್ಚಲಿಲ್ಲ.

"ಅಣ್ಣ, ಇದು ಎಂತ?"

"ಮೇಲೆ ನೋಡಿದ್ರೆ ಸಾಕು. ತೂಕಕ್ಕೆ ಇಡು."

"ಎಲ್ಲಿಂದ ತಂದದ್ದು? ಆ ದಲ್ಲಾಳಿಯದ್ದಾ?"

ಅವನು ರಸ್ತೆ ಕಡೆ ನೋಡಿದ. "ನಾನು ಕಟ್ಟಿದ ಅಂಗಡಿ ಇದು. ಖಾಲಿ ಕೈಯಲ್ಲಿ ಹೇಗೆ ಬರುದು ಮಾರಾಯ? ಈ ಸಲ ಒಂದು ಬಿಡು."

ನಾನು ಬುಟ್ಟಿ ಎತ್ತಿಕೊಂಡು ಹೋಗಿ ರಸ್ತೆಗೆ ಮಗುಚಿದೆ.

ಅಣ್ಣ ಹಿಂದಿನಿಂದ ಬಂದು ತಕ್ಕಡಿಯ ತಟ್ಟೆಯಿಂದ ನನ್ನ ಕಿವಿಗೆ ಹೊಡೆದ. "ನಿನ್ನನ್ನು ಇಲ್ಲಿ ನಿಲ್ಲಿಸಿದ್ದು ನಾನಲ್ವಾ ನಾಯಿ!" ನಾನು ಡಾಮರಿನ ಮೇಲೆ ಬಿದ್ದೆ. ಅವನು ಎದೆಯ ಮೇಲೆ ಕುಳಿತು ಕುತ್ತಿಗೆ ಒತ್ತಿದ. ಅವನ ಕೈ ಕಚ್ಚಿ ಬಿಡಿಸಿಕೊಂಡೆ, ಒಳಗೆ ಓಡಿದೆ, ಅದೇ ಎರಡು ಕಿಲೋದ ಕಲ್ಲು ತೆಗೆದೆ. ಅವನು ಹಿಂದೆಯೇ ಬಂದು ಮೇಜಿಗೆ ಬಲಗೈ ಊರಿದ. ಆ ಕೈಗೆ ಹೊಡೆದೆ. ಎರಡು ಸಲ. ಎರಡನೆಯದು ಬೇಕಿರಲಿಲ್ಲ.

ಯಾರೂ ತಡೆಯಲಿಲ್ಲ. ಸಂಘದವರು ಅವನನ್ನು ರಿಕ್ಷಾ ಹತ್ತಿಸಿದರು. ಮರುದಿನ ಸಂಘದ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿದರು.

ಗಿರಾಕಿಗಳು ಹೆದರಿ ಬರುವುದಿಲ್ಲ ಎಂದುಕೊಂಡಿದ್ದೆ. ಹೆಚ್ಚೇ ಬಂದರು. "ಮೋಸ ಮಾಡಿದ್ರೆ ಸ್ವಂತ ಅಣ್ಣನನ್ನೇ ಬಿಡುದಿಲ್ವಂತೆ, ಅದೇ ಅಂಗಡಿ" ಎಂದು ನನ್ನೆದುರೇ ಒಬ್ಬ ಹೆಂಡತಿಗೆ ಹೇಳಿದ. ಪುಸ್ತಕದಲ್ಲಿ ಇದನ್ನು ಗುಣಮಟ್ಟ ಎಂದು ಬರೆದಿದ್ದಾರೆ.

ಅಣ್ಣನ ಮೂರು ಬೆರಳು ಈಗಲೂ ಮಡಚುವುದಿಲ್ಲ. ನನ್ನ ಹತ್ತಿರ ಮಾತಿಲ್ಲ. ಎರಡು ಮಳೆಗಾಲ ಕಳೆದು ಗದ್ದೆಯ ಉಪ್ಪು ಹೋದ ಮೇಲೆ ಅತ್ತಿಗೆ ತನ್ನ ಹೆಸರಿನಲ್ಲಿ ಸಂಘ ಸೇರಿದಳು. ಮೊದಲ ಬುಟ್ಟಿಯನ್ನು ತಾನೇ ಹೊತ್ತು ತಂದಳು. ಅಣ್ಣ ರಸ್ತೆಯ ಆಚೆ ಸೈಕಲ್ ಹಿಡಿದು ನಿಂತಿದ್ದ.

ನಾನು ಮೇಲಿಂದ ನೋಡಿದೆ. "ಸರಿ ಉಂಟು ಅತ್ತಿಗೆ."

ಅವಳು ಬುಟ್ಟಿ ಬಿಡಲಿಲ್ಲ. "ಕೆಳಗೆ ಕೈ ಹಾಕು."

"ಬೇಡ."

"ಹಾಕು ಹೇಳಿದೆ. ಅವರು ಆಚೆಯಿಂದ ನೋಡ್ತಾ ಇದ್ದಾರೆ."

ಕೈ ಇಳಿಸಿದೆ. ತಳದವರೆಗೂ ಮುಳ್ಳು ಚುಚ್ಚಿತು. ರಕ್ತ ಬಂದ ಕೈಯನ್ನು ಮೇಲೆತ್ತಿ ಆಚೆಗೆ ತೋರಿಸಿದೆ. ಅಣ್ಣ ಸೈಕಲ್ ತಿರುಗಿಸಿಕೊಂಡು ಹೋದ.